ಎತ್ತರ, ಕಣ್ಣು, ಕೂದಲು, ಮಚ್ಚೆ

ಬ್ರಿಟಿಷ್ ನೌಕಾಪಡೆಯ ಒಬ್ಬ ನಾವಿಕನ ಇಡೀ ಸರ್ವೀಸು ಲೆಡ್ಜರಿನ ಒಂದು ಪುಟದಲ್ಲಿ ಮುಗಿದುಹೋಗುತ್ತಿತ್ತು. ಮೊದಲನೇ ಮಹಾಯುದ್ಧದ ಕಾಲದ ಆ ಲೆಡ್ಜರುಗಳು ಈಗ ಲಂಡನ್ನಿನ ಕ್ಯೂ ಎಂಬಲ್ಲಿ, ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಎ.ಡಿ.ಎಂ. 188 ಎಂದು ಅವಕ್ಕೊಂದು ನಂಬರು ಕೊಟ್ಟು ಕೂರಿಸಿದ್ದಾರೆ. ಪುಟಗಳ ಪ್ರತಿಯನ್ನು ಮನೆಯ ಕಂಪ್ಯೂಟರಿನಲ್ಲೇ ನೋಡಬಹುದು. ನಿವೃತ್ತರಾದ ಮೇಲೆ ಜನ ವಾಕಿಂಗು, ಪ್ರವಚನ, ಕುಂಡದಲ್ಲಿ ಟೊಮ್ಯಾಟೊ ಎಂದು ಏನೇನೋ ಹಚ್ಚಿಕೊಳ್ಳುತ್ತಾರೆ. ನಾನು ಇದನ್ನು ಹಚ್ಚಿಕೊಂಡೆ. 'ಯಾವ್ದೋ ದೇಶದ ಯಾರ್‍ದೋ ಎಸ್.ಆರ್. ನೋಡಿ ನಿಮಗೇನಾಗ್ಬೇಕು?' ಎಂದು ಮನೆಯವಳು ಕೇಳಿದಳು. ಸರ್ವೀಸಿನ ಉದ್ದಕ್ಕೂ ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್ನಿನಲ್ಲಿ ಕೂತು ಕಂಡವರ ಸರ್ವಿಸ್ ರಿಜಿಸ್ಟರ್ ಬರೆದವನಿಗೆ ಇನ್ನೊಬ್ಬ ಗುಮಾಸ್ತನ ಕೈಬರಹ ಕಂಡರೆ ಏನಾಗುತ್ತದೆ ಎಂಬುದನ್ನು ಹೇಗೆ ಹೇಳುವುದು!

ಪುಟದ ಮೇಲ್ಭಾಗದಲ್ಲಿ ಹೆಸರು, ನಂಬರು, ಹುಟ್ಟಿದ ದಿನ, ಹುಟ್ಟಿದ ಊರು, ಸೇರುವ ಮುಂಚೆ ಮಾಡುತ್ತಿದ್ದ ಕಸುಬು. ಅದರ ಕೆಳಗೆ ಎತ್ತರ, ಅದೂ ಅಂಗುಲದ ಚೂರಿನವರೆಗೆ. ಕೂದಲ ಬಣ್ಣ, ಕಣ್ಣಿನ ಬಣ್ಣ, ಮೈಬಣ್ಣ. ಆಮೇಲೆ ಗಾಯ, ಕಲೆ, ಗುರುತು. ಸರ್ಕಾರಕ್ಕೆ ಮನುಷ್ಯನ ಮುಖದ ಮೇಲೆ ಎಲ್ಲೂ ನಂಬಿಕೆಯಿಲ್ಲ, ಅವನ ಮಚ್ಚೆಯ ಮೇಲಿದೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚೆ ಮೇಷ್ಟರು ಹುಡುಗರನ್ನು ಸಾಲಾಗಿ ನಿಲ್ಲಿಸಿ ಮಚ್ಚೆ ಹುಡುಕುತ್ತಿದ್ದ ವೈಭವವನ್ನು ಕಂಡವರೇ ಬಲ್ಲರು. ಎರಡು ಗುರುತು ಬೇಕೇ ಬೇಕು. ಮಚ್ಚೆಯಿಲ್ಲದವರಿಗೆ ಮಾವಿನ ಮರದಿಂದ ಬಿದ್ದ ಗಾಯವೋ ಕುಡುಗೋಲು ತಾಗಿದ ಕಲೆಯೋ ಆಗಿಬರುತ್ತಿತ್ತು. ನಾವಿಕರಿಗೆ ಈ ಪೇಚಾಟವೇ ಇರಲಿಲ್ಲ. ಅವರು ಬಂದರಿಗೊಂದರಂತೆ ಹಚ್ಚೆ ಹಾಕಿಸಿಕೊಂಡು ಬರುತ್ತಿದ್ದರು. ಲಂಗರು, ಹೃದಯ, ಹೃದಯಕ್ಕೆ ನಾಟಿದ ಬಾಣ, ಬಾಣ ಬಿಟ್ಟವಳ ಹೆಸರು. ಎರಡನೇ ಯುದ್ಧ ಮುಗಿದ ಹೊಸತರಲ್ಲಿ ನೌಕಾಪಡೆಗೆ ಸೇರಿದ್ದ ಷಾನ್ ಕಾನರಿ ಎಂಬ ಸ್ಕಾಟ್ಲೆಂಡಿನ ಹುಡುಗ ತೋಳಿನ ಮೇಲೆ ಅಪ್ಪ ಅಮ್ಮನಿಗೊಂದು, ಸ್ಕಾಟ್ಲೆಂಡಿಗೊಂದು ಹಚ್ಚೆ ಹಾಕಿಸಿಕೊಂಡಿದ್ದ. ಹೊಟ್ಟೆಹುಣ್ಣಿನ ಕಾರಣಕ್ಕೆ ಪಡೆಯಿಂದ ಹೊರಬಂದು ಮುಂದೆ ಜೇಮ್ಸ್ ಬಾಂಡ್ ಆದ. ನೌಕಾಪಡೆಯ ಕಮಾಂಡರ್ ಪಾತ್ರ ಮಾಡುವಾಗ ನೌಕಾಪಡೆಯಲ್ಲೇ ಹಾಕಿಸಿಕೊಂಡ ಹಚ್ಚೆಯನ್ನು ಮೇಕಪ್ಪಿನಲ್ಲಿ ಮುಚ್ಚಬೇಕಾಯಿತಂತೆ.

ಇಷ್ಟೆಲ್ಲ ಬರೆದಿಟ್ಟದ್ದು ಮೊಮ್ಮಕ್ಕಳು ಓದಲಿ ಎಂದಲ್ಲ. 1853ಕ್ಕೆ ಮುಂಚೆ ನಾವಿಕನೆಂದರೆ ಒಂದು ಹಡಗಿಗೆ ಕೂಲಿಗೆ ಬಂದವನು. ಆ ಹಡಗಿನ ಯಾನ ಮುಗಿದರೆ ಸಂಬಳ ಎಣಿಸಿಕೊಂಡು ಹೊರಟ. ಆ ವರ್ಷದಿಂದ ಇಂತಿಷ್ಟು ವರ್ಷವೆಂದು ನಿರಂತರ ಸೇವೆಗೆ ಬರೆಸಿಕೊಳ್ಳುವ ಪದ್ಧತಿ ಬಂತು. ನಿರಂತರ ಸೇವೆ ಬಂದ ಮೇಲೆ ಪಿಂಚಣಿ ಬಂತು, ಪಿಂಚಣಿ ಬಂದ ಮೇಲೆ ಲೆಕ್ಕ ಬಂತು, ಲೆಕ್ಕದ ಹಿಂದೆಯೇ ಗುಮಾಸ್ತ ಬಂದ. ಓಡಿಹೋದವನನ್ನು ಹಿಡಿದು ತರಲು ಮಚ್ಚೆ ಬೇಕು, ಸತ್ತವನ ಬಾಕಿ ತೀರಿಸಲು ತಾರೀಖು ಬೇಕು. ಉಳಿದದ್ದೆಲ್ಲ ಆ ಗುಮಾಸ್ತನಿಗೆ ಸಂಬಂಧಪಡದ ವಿಷಯ. 1908ರಿಂದ ನಂಬರಿನ ಮುಂದೊಂದು ಅಕ್ಷರವನ್ನೂ ಸೇರಿಸಿದರು. ಡೆಕ್ಕಿನ ಮೇಲೆ ಕೆಲಸ ಮಾಡುವವರಿಗೆ ಜೆ, ಕಲ್ಲಿದ್ದಲು ಎರಚುವವರಿಗೆ ಕೆ, ಅಧಿಕಾರಿಗಳ ಅಡುಗೆಯವರಿಗೂ ಬಡಿಸುವವರಿಗೂ ಎಲ್, ಇವು ಯಾವುದಕ್ಕೂ ಸೇರದವರಿಗೆ ಎಂ. ನೋಡಿ, ಸಮುದ್ರದ ಮೇಲೂ ಗ್ರೂಪ್ ಎ, ಗ್ರೂಪ್ ಬಿ, ಗ್ರೂಪ್ ಸಿ, ಗ್ರೂಪ್ ಡಿ!

ಪ್ರತಿ ವರ್ಷ ಡಿಸೆಂಬರ್ 31ಕ್ಕೆ ನಡತೆಯ ಷರಾ ಬರೆಯಬೇಕು. ಪುಟ ಪುಟವೂ 'ವಿ.ಜಿ.', 'ವಿ.ಜಿ.', 'ವಿ.ಜಿ.' ಎಂದು ತುಂಬಿರುತ್ತದೆ. ವೆರಿ ಗುಡ್ ಎಂದರ್ಥ. ಎಲ್ಲರೂ ವೆರಿ ಗುಡ್ಡೇ ಆದರೆ ಬರೀ ಗುಡ್ ಎನ್ನಿಸಿಕೊಂಡವನ ಗತಿಯೇನು? ಕಾನ್ಫಿಡೆನ್ಷಿಯಲ್ ರಿಪೋರ್ಟು ಟೈಪು ಮಾಡಿ ಅನುಭವವಿರುವ ನನಗೆ ಆ 'ಗುಡ್' ಕಂಡರೇ ಎದೆ ಝಲ್ಲೆನ್ನುತ್ತದೆ. ಅಂಥವನ ಸಾಲಿನ ಆಚೀಚೆ ಕಣ್ಣಾಡಿಸಿದರೆ 'ಸೆಲ್ಸ್, 7 ದಿನ' ಎಂದು ಸಣ್ಣಕ್ಷರದಲ್ಲಿ ಸಿಕ್ಕೇ ಸಿಗುತ್ತದೆ. ಹಡಗು ಬಂದರಿನಲ್ಲಿದ್ದಾಗ ಆ ಮಹಾಶಯ ಹೊತ್ತು ಮೀರಿ ತೂರಾಡುತ್ತ ಬಂದಿರಬೇಕು. ಬಾರದೆಯೇ ಹೋದವನ ಮುಂದೆ 'ರನ್' ಎಂದು ಬರೆದು ಗೆರೆ ಎಳೆಯುತ್ತಿದ್ದರು. ಓಡಿಹೋದ ಎಂದು ಅರ್ಥ. ಎಲ್ಲಿಗೆ, ಯಾಕೆ, ಯಾರ ಜೊತೆಗೆ ಎಂಬ ವಿವರವಿಲ್ಲ. ಆಸ್ಟ್ರೇಲಿಯದ ಬಂದರುಗಳು ಈ ವಿಷಯದಲ್ಲಿ ಬಹಳ ಆಕರ್ಷಕವಾಗಿದ್ದವು ಎನ್ನುತ್ತಾರೆ.

ನೆಟ್ಟಗಿದ್ದವರಿಗೆ ಮೂರು, ಎಂಟು, ಹದಿಮೂರು ವರ್ಷಕ್ಕೆ ಒಂದೊಂದರಂತೆ ಸನ್ನಡತೆಯ ಪಟ್ಟಿ, ಎಡತೋಳಿನ ಮೇಲೆ. ಹದಿಮೂರು ವರ್ಷ ಸಿಕ್ಕಿಬೀಳದೆ ತಪ್ಪು ಮಾಡಿದ್ದಕ್ಕೆ ಕೊಡುವ ಬಹುಮಾನ ಅದು ಎಂದು ನಾವಿಕರೇ ನಗುತ್ತಿದ್ದರು. ಮೂರೂ ಪಟ್ಟಿ ಹೊತ್ತು, ಬಡ್ತಿಯ ಪರೀಕ್ಷೆಗೆ ಮಾತ್ರ ಕೂರದೆ, ಸಾಮಾನ್ಯ ನಾವಿಕನಾಗಿಯೇ ಹಾಯಾಗಿ ಪಿಂಚಣಿ ಮುಟ್ಟಿದ ಪುಣ್ಯಾತ್ಮರು ಪ್ರತಿ ಹಡಗಿನಲ್ಲೂ ಇರುತ್ತಿದ್ದರು. ನಮ್ಮ ಕಚೇರಿಯಲ್ಲೂ ಒಬ್ಬರಿದ್ದರು. ಡಿಪಾರ್ಟ್‌ಮೆಂಟಲ್ ಪರೀಕ್ಷೆ ಕಟ್ಟಿ ಎಂದು ಯಾರಾದರೂ ಹೇಳಿದರೆ, 'ಪಾಸಾದ್ರೆ ಟ್ರಾನ್ಸ್‌ಫರ್ ಆಗುತ್ತಲ್ಲ ಸ್ವಾಮಿ' ಎನ್ನುತ್ತಿದ್ದರು.

ಲೆಡ್ಜರು ಕಚೇರಿಯ ಸ್ವತ್ತು. ನಾವಿಕನ ಕೈಗೆ ಬರುತ್ತಿದ್ದದ್ದು ಬೇರೆಯದೇ ಒಂದು ಪ್ರಮಾಣಪತ್ರ. ಅದರಲ್ಲಿ ನನಗೆ ಬಹಳ ಹಿಡಿಸಿದ ಕಾಲಂ ಎಂದರೆ ಈಜಿನದು. ಈಜು ಪರೀಕ್ಷೆಯಲ್ಲಿ ಪಾಸಾಗಿದ್ದಾನೋ ಇಲ್ಲವೋ, ಆಗಿದ್ದರೆ ಎಂದು, ರುಜು ಯಾರದು. ನೌಕಾಪಡೆಯವನಿಗೆ ಈಜು ಬರುತ್ತದೆಯೆ ಎಂದು ಕಾಗದದ ಮೇಲೆ ಕೇಳಬೇಕಾಗಿ ಬಂದಿತ್ತಲ್ಲ! ಇನ್ನೊಂದು ಆ ಕಾಗದದ ಮೂಲೆ. ಮರ್ಯಾದೆಗೆಟ್ಟು ಹೊರಬಿದ್ದವನ ಪ್ರಮಾಣಪತ್ರದ ಒಂದು ಮೂಲೆಯನ್ನು ಕತ್ತರಿಸಿ ಕೊಡಬೇಕೆಂದು ಆ ಕಾಗದದ ಮೇಲೇ ಅಚ್ಚು ಮಾಡಿದ್ದರು. ಮೂಲೆ ಕತ್ತರಿಸಿದ ಸಂಗತಿಯನ್ನು ಲೆಡ್ಜರಿನಲ್ಲಿ ನಮೂದಿಸತಕ್ಕದ್ದು ಎಂಬ ಸೂಚನೆಯೂ ಜೊತೆಗಿತ್ತು. ಕೆಲಸ ಕೇಳಿಕೊಂಡು ಹೋದ ಕಡೆ ಯಜಮಾನ ಒಂದಕ್ಷರವನ್ನೂ ಓದಬೇಕಾಗಿಲ್ಲ. ಕಾಗದ ಕೈಗೆ ತೆಗೆದುಕೊಂಡರೆ ಸಾಕು. ಅಂಥ ಕ್ರೌರ್ಯವನ್ನು ಒಂದು ಕತ್ತರಿಯಲ್ಲಿ ಸಾಧಿಸಿದ ತಲೆ ಯಾರದೋ, ಅವನು ಖಂಡಿತ ನಮ್ಮ ಸೆಕ್ಷನ್ನಿನವನೇ.

ಈಗ ಒಬ್ಬನ ವಿಷಯ ಹೇಳುತ್ತೇನೆ. ನಂಬರ್ ಜೆ 42563, ಹೆಸರು ಜಾನ್ ಟ್ರಾವರ್ಸ್ ಕಾರ್ನ್‌ವೆಲ್. ಮನೆಯಲ್ಲಿ ಜ್ಯಾಕ್. ಹುಟ್ಟಿದ್ದು 1900ರ ಜನವರಿ 8, ಲಂಡನ್ನಿನ ಅಂಚಿನ ಲೇಟನ್‌ನಲ್ಲಿ. ಬಡವರ ಮನೆ. ಸ್ಕೂಲು ಬಿಟ್ಟು ಬ್ರೂಕ್ ಬಾಂಡ್ ಕಂಪನಿಯ ಗಾಡಿಯಲ್ಲಿ ಟೀ ಪೊಟ್ಟಣ ಹಂಚುವ ಹುಡುಗನಾಗಿದ್ದ. ನಮ್ಮ ಅಡುಗೆಮನೆಯ ಡಬ್ಬದೊಳಗಿನ ಅದೇ ಬ್ರೂಕ್ ಬಾಂಡ್. 1915ರಲ್ಲಿ ಅದನ್ನು ಬಿಟ್ಟು ನೌಕಾಪಡೆಗೆ ಸೇರಿಕೊಂಡ. ಅವನ ವಯಸ್ಸಿನವರನ್ನು ಅಲ್ಲಿ 'ಬಾಯ್' ಎಂದೇ ಬರೆಯುತ್ತಿದ್ದರು. ಹುಡುಗ ಎನ್ನುವುದೂ ಒಂದು ಹುದ್ದೆ. ಅದರಲ್ಲೂ ಎರಡನೇ ದರ್ಜೆ, ಒಂದನೇ ದರ್ಜೆ. ಹೀಗೆ ಸೇರಿದ ಹುಡುಗರು ಸಾಮಾನ್ಯವಾಗಿ ಹನ್ನೆರಡು ವರ್ಷಕ್ಕೆ ಬರೆದುಕೊಡುತ್ತಿದ್ದರು. ಆ ಹನ್ನೆರಡು ವರ್ಷ ಶುರುವಾಗುವುದು ಹದಿನೆಂಟು ತುಂಬಿದ ದಿನದಿಂದ. ಅದಕ್ಕೆ ಹಿಂದಿನದು ಸರ್ವೀಸಿನ ಲೆಕ್ಕಕ್ಕಿಲ್ಲ. ಪ್ರೊಬೇಷನ್ ಅವಧಿ ಎಣಿಕೆಗೆ ಬರುತ್ತದೆಯೆ ಎಂದು ಜೀವಮಾನವಿಡೀ ಅರ್ಜಿ ಬರೆದುಕೊಂಡಿದ್ದವರನ್ನು ಬಲ್ಲ ನನಗೆ ಇದನ್ನು ಓದಿ ಕಸಿವಿಸಿಯಾಯಿತು.

1916ರ ಈಸ್ಟರ್ ಕಳೆದ ಮೇಲೆ ಅವನಿಗೆ ಚೆಸ್ಟರ್ ಎಂಬ ಹೊಚ್ಚಹೊಸ ಕ್ರೂಸರಿಗೆ ಪೋಸ್ಟಿಂಗ್ ಆಯಿತು. ಗ್ರೀಸ್ ದೇಶದವರು ತಮಗೆಂದು ಮಾಡಿಸುತ್ತಿದ್ದ ಹಡಗು ಅದು; ಯುದ್ಧ ಬಂದದ್ದರಿಂದ ಬ್ರಿಟಿಷರೇ ಕೊಂಡುಕೊಂಡಿದ್ದರು. ಮೇ 31ರ ಸಂಜೆ, ಡೆನ್ಮಾರ್ಕಿನ ಕರಾವಳಿಯಾಚೆ ಜಟ್ಲೆಂಡ್ ಕಾಳಗದಲ್ಲಿ, ಮಬ್ಬಿನೊಳಗಿಂದ ನಾಲ್ಕು ಜರ್ಮನ್ ಕ್ರೂಸರುಗಳು ಚೆಸ್ಟರಿನ ಮೇಲೆ ಬಿದ್ದವು. ಜ್ಯಾಕ್‌ನ ಕೆಲಸ ಮುಂಭಾಗದ ಐದೂವರೆ ಅಂಗುಲದ ಫಿರಂಗಿಯ ಬಳಿ. ಗುಂಡು ಹಾರಿಸುವುದಲ್ಲ. ಕಿವಿಗೆ ಹಾಕಿಕೊಂಡ ಸಾಧನದಲ್ಲಿ ಬರುವ ಅಪ್ಪಣೆಯನ್ನು ಕೇಳಿಸಿಕೊಂಡು, ಗುರಿಯ ದೂರಕ್ಕೆ ಸರಿಯಾಗಿ ಒಂದು ಬಿಲ್ಲೆಯನ್ನು ತಿರುಗಿಸುವುದು. ಆ ಫಿರಂಗಿಗಳ ಮುಂದಿನ ಉಕ್ಕಿನ ಮರೆ ಡೆಕ್ಕಿನವರೆಗೆ ಇಳಿದಿರಲಿಲ್ಲ. ಸಿಡಿದ ಚೂರುಗಳು ಕೆಳಗಿನ ಸಂದಿಯಿಂದ ನುಗ್ಗಿ ಬಂದವು, ಎಷ್ಟೋ ಜನ ಕಾಲು ಕಳೆದುಕೊಂಡರು. ಕೆಲವೇ ನಿಮಿಷಗಳಲ್ಲಿ ಹಡಗಿಗೆ ಹದಿನೈದಕ್ಕೂ ಹೆಚ್ಚು ಗುಂಡು ಬಿದ್ದವು. ಅವನ ಫಿರಂಗಿಯ ಸುತ್ತಲಿದ್ದವರೆಲ್ಲ ಒಂದೋ ಸತ್ತಿದ್ದರು, ಇಲ್ಲವೇ ಗಾಯಗೊಂಡು ಬಿದ್ದಿದ್ದರು. ಜ್ಯಾಕ್‌ನ ಎದೆಗೆ ಉಕ್ಕಿನ ಚೂರು ನಾಟಿತ್ತು. ಬಿಲ್ಲೆ ತಿರುಗಿಸಿದರೂ ಗುಂಡು ಹಾರಿಸಲು ಆಳಿಲ್ಲ. ಆದರೂ ಅಪ್ಪಣೆ ಬಂದೀತು ಎಂದು ಅವನು ಅಲ್ಲೇ ನಿಂತಿದ್ದ. ಅವನನ್ನು ದಡಕ್ಕೆ ತಂದು ಗ್ರಿಮ್ಸ್‌ಬಿಯ ಆಸ್ಪತ್ರೆಗೆ ಸೇರಿಸಿದರು. ತಾರು ಕಂಡು ಹೊರಟ ತಾಯಿ ತಲುಪುವ ಮುಂಚೆಯೇ, ಜೂನ್ 2ರಂದು, ತೀರಿಕೊಂಡ. ಹದಿನಾರು ವರ್ಷ ಐದು ತಿಂಗಳಿಗೆ ಇನ್ನೂ ಕೆಲವು ದಿನ ಬಾಕಿಯಿತ್ತು.

ಇಂಥವರ ಮುಂದೆ ಲೆಡ್ಜರಿನ ಗುಮಾಸ್ತ ಬರೆಯುತ್ತಿದ್ದುದು ಎರಡಕ್ಷರ: 'ಡಿ.ಡಿ.' ಡಿಸ್ಚಾರ್ಜ್ಡ್ ಡೆಡ್. ಸತ್ತಿದ್ದರಿಂದ ಸೇವೆಯಿಂದ ಬಿಡುಗಡೆ ಮಾಡಲಾಗಿದೆ. ಆ ಒಂದು ಕಾಳಗದಲ್ಲಿ ಬ್ರಿಟಿಷರ ಕಡೆಯಲ್ಲಿ ಸತ್ತವರು ಆರು ಸಾವಿರಕ್ಕೂ ಹೆಚ್ಚು. ಅಷ್ಟು ಪುಟ ಹುಡುಕಿ ಅಷ್ಟು ಸಲ ಡಿ.ಡಿ. ಬರೆಯಬೇಕಾದವರಿಗೆ ಓವರ್‌ಟೈಮ್ ಕೊಟ್ಟರೋ ಇಲ್ಲವೋ. ಅಳುತ್ತ ಬರೆದರೋ, ಟೀ ಕುಡಿಯುತ್ತ ಬರೆದರೋ. ಅಕ್ಷರ ಮಾತ್ರ ಎಲ್ಲೂ ನಡುಗಿಲ್ಲ. ಹೊಗಳಿಕೆ ಎಂಬುದು ಆ ಪುಟದಲ್ಲಿ ಎಲ್ಲೂ ಇಲ್ಲದ್ದರಿಂದಲೇ ನನಗೆ ಅದನ್ನು ನಂಬಬೇಕೆನಿಸುತ್ತದೆ.

ಹೊಗಳಿಕೆ ಬೇರೆ ಕಡೆ ಧಾರಾಳವಾಗಿ ಬಂತು, ಸ್ವಲ್ಪ ತಡವಾಗಿ. ಮೊದಲು ಹುಡುಗನನ್ನು ಮ್ಯಾನರ್ ಪಾರ್ಕ್ ಸ್ಮಶಾನದಲ್ಲಿ ಬಡವರ ಸಾಮಾನ್ಯ ಗುಂಡಿಯಲ್ಲಿ ಹೂತರು. ಪತ್ರಿಕೆಗಳಲ್ಲಿ ಸುದ್ದಿ ಬಂದು ಗದ್ದಲವಾದ ಮೇಲೆ ಜುಲೈ ಕೊನೆಗೆ ಹೊರತೆಗೆದು ಸಕಲ ಮರ್ಯಾದೆಯೊಡನೆ ಮತ್ತೆ ಹೂತರು. ಸೆಪ್ಟೆಂಬರಿನಲ್ಲಿ ವಿಕ್ಟೋರಿಯಾ ಕ್ರಾಸ್ ಪದಕ ಘೋಷಣೆಯಾಯಿತು. ನವೆಂಬರಿನಲ್ಲಿ ಅರಮನೆಗೆ ಹೋಗಿ ದೊರೆಯ ಕೈಯಿಂದ ಅದನ್ನು ಇಸಿದುಕೊಂಡವಳು ತಾಯಿ. ಅಷ್ಟರಲ್ಲಿ ಸೈನ್ಯದಲ್ಲಿದ್ದ ಗಂಡನೂ ಅಕ್ಟೋಬರಿನಲ್ಲಿ ತೀರಿಕೊಂಡಿದ್ದ. ಫ್ರ್ಯಾಂಕ್ ಸಾಲ್ಸ್‌ಬರಿ ಎಂಬ ಹೆಸರಾಂತ ಚಿತ್ರಕಾರ ಫಿರಂಗಿಯ ಪಕ್ಕ ನಿಂತ ಜ್ಯಾಕ್‌ನ ದೊಡ್ಡ ಚಿತ್ರ ಬರೆದ. ಬರೆಯಲು ಹುಡುಗ ಬೇಕಲ್ಲ, ಅವನ ಸಹೋದರನೊಬ್ಬನನ್ನು ಕರೆಸಿ ನಿಲ್ಲಿಸಿದರು. ಲೆಡ್ಜರಿನಲ್ಲಿ ಎತ್ತರ, ಕಣ್ಣು, ಕೂದಲು ಎಲ್ಲ ಬರೆದಿತ್ತು, ಅದರಿಂದ ಮುಖ ಬರೆಯಲಾಗದು. ಅವನ ಹೆಸರಿನಲ್ಲಿ ದೇಶದ ಶಾಲಾಮಕ್ಕಳೆಲ್ಲ ಚಂದಾ ಕೊಟ್ಟರು. ಆ ಹಣ ಊನಗೊಂಡ ನಾವಿಕರ ಆರೈಕೆಗೆ ಹೋಯಿತು, ತಾಯಿ ಬಡತನದಲ್ಲೇ 1919ರಲ್ಲಿ ತೀರಿಕೊಂಡಳು. ಫಿರಂಗಿ ಮಾತ್ರ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನಲ್ಲಿ ಚೆನ್ನಾಗಿದೆ.

ಈ ಲೆಡ್ಜರುಗಳು ಉಳಿದದ್ದೂ ಒಂದು ಅದೃಷ್ಟವೇ. ಮೊದಲನೇ ಯುದ್ಧದ ಬ್ರಿಟಿಷ್ ಸೈನಿಕರ ಕಡತಗಳಲ್ಲಿ ಅರ್ಧಕ್ಕಿಂತ ಹೆಚ್ಚು 1940ರ ಸೆಪ್ಟೆಂಬರಿನಲ್ಲಿ ಜರ್ಮನ್ ಬಾಂಬು ಬಿದ್ದು ಸುಟ್ಟುಹೋದವು. ಅಮೆರಿಕದ ಸೇಂಟ್ ಲೂಯಿಯಲ್ಲಿ 1973ರ ಜುಲೈನಲ್ಲಿ ಬೆಂಕಿ ಬಿದ್ದಾಗಲೂ ಬೂದಿಯಾದದ್ದು ಭೂಸೇನೆ ಮತ್ತು ವಾಯುಸೇನೆಯವರ ಕಾಗದ. ಎರಡೂ ಕಡೆ ಬಚಾವಾದವರು ನೌಕಾಪಡೆಯವರು. ಗಂಗಮ್ಮನ ಮಕ್ಕಳ ತಂಟೆಗೆ ಅಗ್ನಿದೇವ ಹೋಗಲಿಲ್ಲ ಎಂದುಕೊಳ್ಳೋಣ.

ಉಳಿದ ಪುಟವನ್ನು ಓದುವುದು ಮಾತ್ರ ಸುಲಭವಲ್ಲ. ಜ್ಯಾಕ್‌ನ ವಿಷಯವನ್ನೇ ತೆಗೆದುಕೊಳ್ಳಿ. ಅವನು ತರಬೇತಿ ಪಡೆದದ್ದು ಪ್ಲಿಮತ್ತಿನ ವಿವಿಡ್ ಎಂಬ ಹಡಗಿನಲ್ಲಿ. ಈ ವಿವಿಡ್ ಸಮುದ್ರಕ್ಕೆ ಹೋಗುತ್ತಿರಲಿಲ್ಲ. ಯಾಕೆಂದರೆ ಅದು ಬ್ಯಾರಕ್ಕು. ಇಟ್ಟಿಗೆ, ಗಾರೆ, ಕಿಟಕಿ, ಮೆಟ್ಟಿಲು ಇದ್ದ ಕಟ್ಟಡ. ನೌಕಾಪಡೆಯ ಶಿಸ್ತಿನ ಕಾನೂನು ಯಾವುದಾದರೂ ಹಡಗಿನ ಪುಸ್ತಕದಲ್ಲಿ ಹೆಸರಿದ್ದವರಿಗೆ ಮಾತ್ರ ಅನ್ವಯಿಸುತ್ತಿತ್ತು. ಹಾಗಾದರೆ ದಡದಲ್ಲಿರುವವರನ್ನು ಏನು ಮಾಡುವುದು? ಕಾನೂನು ತಿದ್ದುವುದಕ್ಕಿಂತ ಕಟ್ಟಡವನ್ನೇ ಹಡಗೆಂದು ಕರೆಯುವುದು ಸುಲಭ ಎಂದು ಯಾರಿಗೋ ಹೊಳೆಯಿತು. ಆಮೇಲೆ ಅಲ್ಲಿ ನೆಲಕ್ಕೆ ಡೆಕ್ಕು ಎಂದರು, ಗೇಟು ದಾಟುವುದಕ್ಕೆ ದಡಕ್ಕೆ ಹೋಗುವುದು ಎಂದರು. ಚಾಟಮ್ಮಿನಲ್ಲಿ ಪೆಂಬ್ರೋಕ್, ಪೋರ್ಟ್ಸ್‌ಮತ್ತಿನಲ್ಲಿ ವಿಕ್ಟರಿ. ಮುತ್ತಜ್ಜನ ಪುಟದಲ್ಲಿ 'ವಿಕ್ಟರಿ' ಎಂದು ಓದಿ, ನೌಕಾಧಿಪತಿ ನೆಲ್ಸನ್ನಿನ ಹಡಗಿನಲ್ಲೇ ಇದ್ದನೆಂದು ರೋಮಾಂಚನಗೊಂಡ ಮರಿಮಕ್ಕಳು ಎಷ್ಟೋ! ಮುತ್ತಜ್ಜ ಆ ಹೊತ್ತಿನಲ್ಲಿ ಬ್ಯಾರಕ್ಕಿನ ಅಂಗಳ ಗುಡಿಸುತ್ತಿದ್ದಿರಬಹುದು.

ಎರಡನೇ ಯುದ್ಧದ ಹೊತ್ತಿಗೆ ಈ ವಿದ್ಯೆ ಇನ್ನೂ ಮೇಲಕ್ಕೇರಿತು. ಸ್ಕೆಗ್‌ನೆಸ್ಸಿನ ಕಡಲತೀರದಲ್ಲಿ ಬಟ್ಲಿನ್ಸ್ ಎಂಬ ರಜಾಶಿಬಿರವಿತ್ತು, ಸಾಮಾನ್ಯ ಜನ ಹೆಂಡತಿ ಮಕ್ಕಳ ಜೊತೆ ಬಂದು ಒಂದು ವಾರ ಕುಣಿದು ಹೋಗುವ ಜಾಗ. ಅದು ಎಚ್.ಎಂ.ಎಸ್. ರಾಯಲ್ ಆರ್ಥರ್ ಆಯಿತು. ಸಾವಿರಾರು ಹುಡುಗರು ಬಣ್ಣಬಣ್ಣದ ರಜಾಮನೆಗಳಲ್ಲಿ ಮಲಗೆದ್ದು ಯುದ್ಧ ಕಲಿತರು. ರಾಯಲ್ ಆರ್ಥರನ್ನು ಮುಳುಗಿಸಿದೆವು ಎಂದು ಜರ್ಮನ್ ರೇಡಿಯೋ ಸಾರಿತೆಂದು ಒಂದು ಕತೆಯನ್ನು ಅಲ್ಲಿದ್ದವರು ಹೇಳಿಕೊಳ್ಳುತ್ತಿದ್ದರು. ಲೋಸ್ಟಾಫ್ಟಿನಲ್ಲಿ 'ಗುಬ್ಬಿಗೂಡು' ಎಂಬ ಹೆಸರಿನ ಪುರಸಭೆಯ ಉದ್ಯಾನವನ್ನೂ ಅದರೊಳಗಿನ ನಾಟಕಶಾಲೆಯನ್ನೂ ಎಚ್.ಎಂ.ಎಸ್. ಯುರೋಪಾ ಮಾಡಿದರು. ನಗು ಬರುತ್ತದೆ, ಆದರೆ ಮೀನುಗಾರರ ದೋಣಿಗಳಲ್ಲಿ ಹೋಗಿ ಸಮುದ್ರದ ಸಿಡಿಗುಂಡುಗಳನ್ನು ಆರಿಸುವವರ ನೆಲೆ ಅದು. ಅಂಥವರಲ್ಲಿ ಗೋರಿಯೂ ಇಲ್ಲದೆ ಹೋದವರು ಎರಡು ಸಾವಿರಕ್ಕೂ ಹೆಚ್ಚು. ಅವರ ಪುಟದಲ್ಲಿ ಹಡಗಿನ ಕಾಲಮ್ಮಿನಲ್ಲಿರುವುದು ಆ ಉದ್ಯಾನಕ್ಕಿಟ್ಟ ಹಡಗಿನ ಹೆಸರು. ದೋಣಿಯ ಹೆಸರಿದ್ದರೆ ಪಕ್ಕದಲ್ಲಿ ಕಂಸದೊಳಗೆ.

ಈ ಸಂಪ್ರದಾಯ ಬ್ರಿಟಿಷರ ಜೊತೆ ಹೋಗಲಿಲ್ಲ. ಕಾರವಾರದಿಂದ ಕುಮಟೆಯ ಕಡೆ ಹೆದ್ದಾರಿಯಲ್ಲಿ ಹೋಗುವಾಗ ಅರ್ಗಾದ ಹತ್ತಿರ ಐ.ಎನ್.ಎಸ್. ಕದಂಬ ಎಂಬ ಹೆಸರು ಕಾಣುತ್ತದೆ. ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಅಂಕೋಲೆಯ ಹಿರಿಯರೊಬ್ಬರು ಕತ್ತು ಉದ್ದ ಮಾಡಿ, 'ಕದಂಬ ಹಡಗು ಯಾವ್ ಬದೀಗೆ ಅದ್ಯೋ?' ಎಂದು ಕೇಳಿದರು. 'ಇದೇರೀ' ಎಂದು ಕಾಂಪೌಂಡು ತೋರಿಸಿದೆ. ನಾನು ತಮಾಷೆ ಮಾಡುತ್ತಿದ್ದೇನೆಂದು ಅವರು ಕುಮಟೆ ಬರುವವರೆಗೂ ಮಾತಾಡಲಿಲ್ಲ. ಬನವಾಸಿಯಲ್ಲಿ ರಾಜ್ಯ ಕಟ್ಟಿದವರ ಹೆಸರು ದಡದ ಮೇಲೆಯೇ ಗಟ್ಟಿಯಾಗಿ ನಿಂತಿರುವುದು ನನಗೇನೋ ಸರಿಯಾಗಿಯೇ ಕಂಡಿತು.

ಆದರೆ ದಡದ ಹಡಗುಗಳಲ್ಲೆಲ್ಲ ಹೆಸರುವಾಸಿಯಾದದ್ದು ಮುಂಬಯಿಯ ಕೊಲಾಬಾದಲ್ಲಿತ್ತು. ಎಚ್.ಎಂ.ಐ.ಎಸ್. ತಲ್ವಾರ್, ರಾಯಲ್ ಇಂಡಿಯನ್ ನೇವಿಯ ಸಿಗ್ನಲ್ ಶಾಲೆ. ಯುದ್ಧ ಮುಗಿದಿತ್ತು. ಸಮುದ್ರ ಸುತ್ತಿ ಬಂದ ಹುಡುಗರು ಕೆಟ್ಟ ಬೇಳೆ ಸಾರು ಉಣ್ಣುತ್ತ, ಅಧಿಕಾರಿಯ ಬೈಗುಳ ತಿನ್ನುತ್ತ, ಮುಂದೇನು ಎಂದು ಗೊತ್ತಿಲ್ಲದೆ ಕೂತಿದ್ದರು. 1945ರ ಡಿಸೆಂಬರ್ 1ರ ನೇವಿ ಡೇ ದಿನ ಜನರು ನೋಡಲು ಬರುತ್ತಾರೆಂದು ತಲ್ವಾರನ್ನು ಸಿಂಗರಿಸಿದ್ದರು. ಬೆಳಗಾಗುವಷ್ಟರಲ್ಲಿ ಗೋಡೆ ತುಂಬ 'ಕ್ವಿಟ್ ಇಂಡಿಯಾ'. ಆ ಕೆಲಸದಲ್ಲಿದ್ದವರಲ್ಲಿ ಬಿ.ಸಿ. ದತ್ ಎಂಬ ಟೆಲಿಗ್ರಾಫರ್ ಒಬ್ಬ. ಫೆಬ್ರವರಿಯಲ್ಲಿ ಸಿಕ್ಕಿಬಿದ್ದ. 1946ರ ಫೆಬ್ರವರಿ 18ರ ಬೆಳಿಗ್ಗೆ ತಲ್ವಾರಿನವರು ತಿಂಡಿ ಬೇಡ ಎಂದರು. ಎರಡು ದಿನದಲ್ಲಿ ಆ ಮುಷ್ಕರ ಎಪ್ಪತ್ತೆಂಟು ಹಡಗು, ಇಪ್ಪತ್ತು ದಡದ ನೆಲೆಗಳಿಗೆ ಹಬ್ಬಿ, ಇಪ್ಪತ್ತು ಸಾವಿರದಷ್ಟು ನಾವಿಕರು ಸೇರಿಕೊಂಡರು. 23ಕ್ಕೆ ಶರಣಾದರು. ಶರಣಾಗಿ ಎಂದು ಬುದ್ಧಿ ಹೇಳಿದವರಲ್ಲಿ ಸರ್ದಾರ್ ಪಟೇಲರೂ ಇದ್ದರು. ನೂರಾರು ಜನರ ಕೆಲಸ ಹೋಯಿತು. ಒಂದೂವರೆ ವರ್ಷದಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು, ಪಾಕಿಸ್ತಾನವೂ ಆಯಿತು. ವಜಾ ಆದವರನ್ನು ಎರಡೂ ನೌಕಾಪಡೆಗಳು ವಾಪಸು ತೆಗೆದುಕೊಳ್ಳಲಿಲ್ಲ. ಇದರಲ್ಲಿ ನನಗೆ ಆಶ್ಚರ್ಯವಾಗಲಿಲ್ಲ. ಸರ್ಕಾರ ಬದಲಾದರೆ ಎಸ್.ಆರ್. ಬದಲಾಗುತ್ತದೆಯೆ? ಕೆಂಪು ಶಾಯಿಯ ಷರಾ ಇದ್ದವನನ್ನು ಯಾವ ಮೇಲಧಿಕಾರಿಯೂ ತನ್ನ ಸೆಕ್ಷನ್ನಿಗೆ ಕೇಳಿ ಹಾಕಿಸಿಕೊಂಡದ್ದನ್ನು ನಾನು ಕಂಡಿಲ್ಲ.

ದತ್ ಪತ್ರಕರ್ತನಾದ, ಆಮೇಲೆ ತಮ್ಮ ದಂಗೆಯ ಬಗ್ಗೆ ಪುಸ್ತಕ ಬರೆದ. ಭಾರತೀಯ ನೌಕಾಪಡೆ ಬಹಳ ವರ್ಷಗಳ ಮೇಲೆ ಎರಡು ಟಗ್ಗುಗಳಿಗೆ ಬಿ.ಸಿ. ದತ್ ಎಂದೂ, ಮುಷ್ಕರ ಸಮಿತಿಯಲ್ಲಿದ್ದ ಮದನ್ ಸಿಂಗ್ ಎಂದೂ ಹೆಸರಿಟ್ಟಿತು. ಟಗ್ಗೆಂದರೆ ಬಂದರಿನೊಳಗೆ ದೊಡ್ಡ ಹಡಗುಗಳಿಗೆ ಹಗ್ಗ ಹಾಕಿ ಎಳೆಯುವ, ನೂಕುವ ಪುಟ್ಟ ಗಟ್ಟಿ ಹಡಗು. ಸಮುದ್ರಯುದ್ಧಕ್ಕೆ ಹೋಗುವುದಲ್ಲ, ಪರೇಡಿನ ಫೋಟೋದಲ್ಲಿ ಮುಂದಿನ ಸಾಲಿನಲ್ಲಿ ನಿಲ್ಲುವುದೂ ಅಲ್ಲ. ಆದರೆ ಯುದ್ಧನೌಕೆ ಎಂಥ ದೊಡ್ಡದೇ ಇರಲಿ, ಧಕ್ಕೆ ಬಿಟ್ಟು ಹೊರಡಬೇಕಾದರೆ ಮೊದಲು ಟಗ್ಗು ಬರಬೇಕು. ಇದನ್ನು ಮನೆಯವಳಿಗೆ ಓದಿ ಹೇಳಿದೆ. 'ಅಂದ್ರೆ ಅರಿಯರ್ಸ್ ಕೊಡ್ಲಿಲ್ಲ, ಹೆಸರಿಟ್ರು ಅನ್ನಿ' ಎಂದಳು.